ಹತ್ತು ಮಿಲಿಮೀಟರ್ ಇಳಿಸಿಕೊಂಡು ಮೇಲುಕೋಟೆಗೆ

ನಾವು ಮೇಲುಕೋಟೆಯಲ್ಲಿ ಬಿದ್ದದ್ದು ಗಾಡಿ ಓಡುತ್ತಿದ್ದಾಗ ಅಲ್ಲ, ನಿಂತಿದ್ದಾಗ. ರಾಯಗೋಪುರದ ಕಡೆ ಹತ್ತುವ ದಾರಿಯಲ್ಲಿ ಎದುರಿಗೆ ಒಂದು ಟೆಂಪೊ ಟ್ರಾವೆಲರ್ ಬಂತು. ಪಕ್ಕಕ್ಕೆ ಸರಿದು ನಿಲ್ಲಿಸಿ ಎಡಗಾಲು ಚಾಚಿದೆ. ಅಲ್ಲಿ ನೆಲವೇ ಇರಲಿಲ್ಲ. ಇನ್ನೂರು ಕೆ.ಜಿ. ಹತ್ತಿರದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬೈಕು, ಹಿಂದೆ ಹೆಂಡತಿ, ಅವಳ ಹಿಂದೆ ಕಟ್ಟಿದ್ದ ಬ್ಯಾಗು, ಎಲ್ಲವೂ ಹಸು ಮಲಗುವ ಹಾಗೆ ನಿಧಾನವಾಗಿ ಎಡಕ್ಕೆ ಒರಗಿದವು. ಪೆಟ್ಟೇನೂ ಆಗಲಿಲ್ಲ. ಹೂವು ಮಾರುತ್ತಿದ್ದ ಅಜ್ಜಿ ಮಾತ್ರ, "ಕಾಲು ಸಿಕ್ದೇ ಇರೋ ಗಾಡಿ ಯಾಕ್ ಮಗ ತಕಂಡೆ?" ಅಂತ ಕೇಳಿದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ನನ್ನ ಎತ್ತರ 5 ಅಡಿ 3 ಇಂಚು. ಗಾಡಿಯದು ಹಳೆಯ 411 ಸಿಸಿ ಮಾದರಿ, ಸೀಟು ನೆಲದಿಂದ 800 ಮಿ.ಮೀ. ಮೇಲೆ. ಮುಂದಿನ ಚಕ್ರ 21 ಇಂಚಿನದು, ಆ ಚಕ್ರವನ್ನು ಹಿಡಿದಿರುವ ಫೋರ್ಕು 200 ಮಿ.ಮೀ. ಮೇಲೆ ಕೆಳಗೆ ಆಡುತ್ತದೆ. ಕಲ್ಲುಮಣ್ಣಿನ ದಾರಿಗೆ ಇದೆಲ್ಲ ಬೇಕು. ನನ್ನ ಕಾಲಿಗೆ ಬೇಡವಾಗಿತ್ತು, ಅಷ್ಟೇ.

ಊರಿಗೆ ಬಂದವನೇ ಮಂಡ್ಯದ ಒಂದು ಗ್ಯಾರೇಜಿಗೆ ಹೋದೆ. ಹುಡುಗ ಹುರುಪಿನವನು. "ಮುಂದೆ ಇಳಿಸಿಬಿಡೋಣ ಬುಡಿ ಸಾರ್, ಅರ್ಧ ಗಂಟೆ ಕೆಲಸ" ಅಂದ. ಫೋರ್ಕಿನ ಎರಡು ರಾಡುಗಳನ್ನು ಹಿಡಿದಿರುವ ಮೇಲಿನ, ಕೆಳಗಿನ ಕ್ಲ್ಯಾಂಪುಗಳ ಬೋಲ್ಟ್ ಸಡಿಲಿಸಿ, ರಾಡುಗಳನ್ನು 25 ಮಿ.ಮೀ. ಮೇಲಕ್ಕೆ ತಳ್ಳಿ ಮತ್ತೆ ಬಿಗಿದ. ರಾಡು ಮೇಲೆ ಬಂದಷ್ಟು ಗಾಡಿಯ ಮೂತಿ ಕೆಳಗೆ. ಅರ್ಧ ಗಂಟೆಯೂ ಹಿಡಿಯಲಿಲ್ಲ. ಕಾಲು ಸಿಕ್ಕಿತು ಅಂತ ನನಗೂ ಅನ್ನಿಸಿತು. ದುಡ್ಡು ಕೊಟ್ಟು ಬಂದವನಿಗೆ ಅನ್ನಿಸದೇ ಇರುತ್ತದೆಯೇ?

ಆಮೇಲೆ ಬಂದ ಶನಿವಾರ ಇಬ್ಬರೂ ಮೈಸೂರಿಗೆ ಹೊರಟೆವು. ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್ 1ರಿಂದ ಬೈಕಿಗೆ ಪ್ರವೇಶ ಇಲ್ಲ, ಹಾಗಾಗಿ ಸರ್ವೀಸ್ ರಸ್ತೆಯೇ ಗತಿ. ನನಗೆ ಅದೇ ಇಷ್ಟ ಅನ್ನಿ. ಮೇಲೆ ಕಾರುಗಳು ಸುಯ್ಯೆಂದು ಹೋಗುತ್ತಿರುತ್ತವೆ, ಕೆಳಗೆ ನಮ್ಮ ಜೊತೆ ಕಬ್ಬಿನ ಟ್ರ್ಯಾಕ್ಟರು, ಹಾಲಿನ ಕ್ಯಾನು, ಕುರಿಮಂದೆ. ಇಂಡುವಾಳು ದಾಟುವ ಹೊತ್ತಿಗೆ ಎಲ್ಲಿಂದಲೋ ಆಲೆಮನೆಯ ವಾಸನೆ ಬಂತು, ಹೆಂಡತಿ ಹೆಲ್ಮೆಟ್ಟಿನ ಗಾಜು ಎತ್ತಿದಳು.

ಅಲ್ಲಿಂದ ಮುಂದೆ ಹ್ಯಾಂಡಲ್ ನನ್ನ ಕೈಯಲ್ಲಿ ನಿಲ್ಲಲಿಲ್ಲ. ಅರವತ್ತರ ವೇಗಕ್ಕೆ ಬಂದರೆ ಮುಂದಿನ ಚಕ್ರ ಚುರುಕೋ ಚುರುಕು. ಸುಮ್ಮನೆ ಬಲಕ್ಕೆ ನೋಡಿದರೂ ಗಾಡಿ ಬಲಕ್ಕೆ ವಾಲುತ್ತಿತ್ತು. ಗಣಂಗೂರಿನ ಹತ್ತಿರ ಲಾರಿಯೊಂದರ ಗಾಳಿ ಹೊಡೆದಾಗ ಹ್ಯಾಂಡಲ್ ಒಮ್ಮೆ ಅತ್ತಿತ್ತ ಒದರಿತು. ಹಂಪಿನ ಮುಂದೆ ಬ್ರೇಕ್ ಹಿಡಿದರೆ ಮೂತಿ ಕುಕ್ಕುತ್ತಿತ್ತು. ಶ್ರೀರಂಗಪಟ್ಟಣದಲ್ಲಿ ಟೀ ಕುಡಿಯಲು ನಿಲ್ಲಿಸಿದರೆ ಸೈಡ್ ಸ್ಟ್ಯಾಂಡಿನ ಮೇಲೆ ಗಾಡಿ ಹೆಚ್ಚುಕಡಿಮೆ ನೆಟ್ಟಗೆ ನಿಂತಿದೆ, ಒಂದು ಬೆರಳು ತಾಗಿದರೆ ಆ ಕಡೆ ಬೀಳುವ ಹಾಗೆ. ಸ್ಟ್ಯಾಂಡ್ ಇಳಿಯಲು ಒಂದು ಗುಂಡಿ ಹುಡುಕಿದೆ. ಗುಂಡಿಗೇನು ನಮ್ಮ ಕಡೆ ಬರವೇ.

"ರೀ, ಇದು ಮೊದಲೇ ಚೆನ್ನಾಗಿತ್ತು" ಅಂದಳು ಹೆಂಡತಿ.

ಮೈಸೂರಿನಲ್ಲಿ ಭಾವಮೈದ ನೇರವಾಗಿ ಮಂಡಿ ಮೊಹಲ್ಲಾದ ಒಂದು ಗಲ್ಲಿಗೆ ಕರೆದುಕೊಂಡು ಹೋದ. ಅಲ್ಲಿ ಎಲ್ಲರೂ ಚಾಚಾ ಅಂತ ಕರೆಯುವ ಒಬ್ಬರಿದ್ದಾರೆ. ಎಪ್ಪತ್ತರ ಹತ್ತಿರದ ವಯಸ್ಸು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. 1961ರಿಂದ ಜಾವಾ, ಆಮೇಲೆ ಯೆಜ್ಡಿ ತಯಾರಿಸಿದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಚಾಚಾ ಸ್ಪ್ಯಾನರ್ ಕೆಳಗಿಡಲಿಲ್ಲ. ನಮ್ಮಪ್ಪನ ಹತ್ತಿರವೂ ಯೆಜ್ಡಿ ಇತ್ತು, ಕಿಕ್ಕರನ್ನೇ ಮಡಚಿದರೆ ಗೇರ್ ಆಗುವಂಥದ್ದು. ಅಪ್ಪ ನನಗಿಂತ ಕುಳ್ಳ, ಆದರೂ ಎರಡು ಪಾದವೂ ನೆಲದ ಮೇಲೆ. ಇದನ್ನು ಹೇಳಿದ್ದೇ ಚಾಚಾಗೆ ನನ್ನ ಮೇಲೆ ಸ್ವಲ್ಪ ಕರುಣೆ ಹುಟ್ಟಿತು ಅಂತ ಕಾಣುತ್ತದೆ.

ಗಾಡಿಯ ಸುತ್ತ ಒಂದು ಸುತ್ತು ಬಂದು, ಕ್ಲ್ಯಾಂಪಿನ ಮೇಲೆ ಕೊಂಬಿನ ಹಾಗೆ ಎದ್ದಿದ್ದ ರಾಡುಗಳನ್ನು ನೋಡಿದರು.

"ಯಾರು ಮಾಡಿದ್ದು ಕೇಳಲ್ಲ. ನೀವು ಕೂರೋದು ಎಲ್ಲಿ ಸಾರ್?"

"ಸೀಟ್ ಮೇಲೆ."

"ಸೀಟ್ ಯಾವ ಚಕ್ರಕ್ಕೆ ಹತ್ರ?"

ಹಿಂದಿನದಕ್ಕೆ. ಅಲ್ಲಿಗೆ ನನ್ನ ತಪ್ಪು ನನಗೆ ಹೊಳೆಯಿತು. ಮುಂದೆ 25 ಇಳಿಸಿದರೆ ಸೀಟು 25 ಇಳಿಯುವುದಿಲ್ಲ. ಏತದ ಮರದ ಒಂದು ತುದಿ ಒತ್ತಿದ ಹಾಗೆ, ತುದಿಯಲ್ಲಿ ಹೆಚ್ಚು, ಬುಡದ ಹತ್ತಿರ ಕಡಿಮೆ. ನನ್ನ ಸೀಟಿಗೆ ಸಿಕ್ಕಿದ್ದು ಎಂಟೋ ಒಂಬತ್ತೋ ಮಿಲಿಮೀಟರ್. "ಅದಕ್ಕಿಂತ ದಪ್ಪ ಸೋಲಿನ ಶೂ ತಗೋಬಹುದಿತ್ತು" ಅಂದರು ಚಾಚಾ, ನಗದೆ.

ಕಳೆದುಕೊಂಡದ್ದು ಹೆಚ್ಚು. ಹ್ಯಾಂಡಲಿನ ನಡುಗಂಬವನ್ನು ಅದೇ ಓರೆಯಲ್ಲಿ ನೆಲದವರೆಗೆ ಎಳೆದುಕೊಂಡು ಹೋದರೆ ಅದು ನೆಲ ಮುಟ್ಟುವುದು ಒಂದು ಕಡೆ, ಟೈರು ಮುಟ್ಟುವುದು ಅದಕ್ಕಿಂತ ಸ್ವಲ್ಪ ಹಿಂದೆ. ಈ ಅಂತರವೇ ಚಕ್ರವನ್ನು ತಾನಾಗಿ ನೇರಕ್ಕೆ ಎಳೆದು ನಿಲ್ಲಿಸುವುದು. ಮೂತಿ ತಗ್ಗಿದರೆ ಫೋರ್ಕು ನೆಟ್ಟಗಾಗಿ ಆ ಅಂತರ ಕಿರಿದಾಗುತ್ತದೆ, ಗಾಡಿ ಚುರುಕಾಗುತ್ತದೆ, ವೇಗದಲ್ಲಿ ಸ್ಥಿರತೆ ಹೋಗುತ್ತದೆ. ನನ್ನ 25ಕ್ಕೆ ಫೋರ್ಕಿನ ಓರೆ ಒಂದು ಡಿಗ್ರಿಯ ಹತ್ತಿರ ಬದಲಾಗಿತ್ತು. ಹೆಡ್‌ಲೈಟ್ ಕೂಡ ರಸ್ತೆ ಬಿಟ್ಟು ಮುಂದಿನ ಮಡ್‌ಗಾರ್ಡಿನ ನೆರಳನ್ನೇ ಹುಡುಕುತ್ತಿದ್ದುದು ಏಕೆಂದು ಆಗ ತಿಳಿಯಿತು.

ಕೆಲಸ ಹಿಂದಿನಿಂದ ಶುರುವಾಯಿತು. ಹಿಂದಿನ ಶಾಕ್‌ನ ಸ್ಪ್ರಿಂಗನ್ನು ಯಾರೋ ಪೂರ್ತಿ ಬಿಗಿದಿಟ್ಟಿದ್ದರು. ಅದನ್ನು ಸಡಿಲಿಸಿ, ಹಿಂಭಾಗ ಎಷ್ಟು ತಗ್ಗುತ್ತದೆ ಅಂತ ನನ್ನನ್ನು ಕೂರಿಸಿ ಅಳೆದರು, ಹೆಂಡತಿಯನ್ನೂ ಕೂರಿಸಿ ಅಳೆದರು, ಮತ್ತೆ ತಿರುಗಿಸಿದರು. ಮೂರನೇ ಸಲ ಹತ್ತುವಾಗ ಅವಳು, "ತೂಕ ಎಷ್ಟು ಅಂತ ಕೇಳಿದ್ರೆ ಹೇಳ್ತಿದ್ದೆ" ಅಂದಳು. ಹೇಳುತ್ತಿರಲಿಲ್ಲ, ನನಗೆ ಗೊತ್ತು. ಸೀಟನ್ನು ಬಿಚ್ಚಿ ಹುಡುಗನ ಕೈಯಲ್ಲಿ ಅಶೋಕ ರಸ್ತೆಯ ಸೀಟ್ ಅಂಗಡಿಗೆ ಕಳಿಸಿದರು. ಫೋಮನ್ನು ಮೇಲಿನಿಂದ 20 ಮಿ.ಮೀ. ಕತ್ತರಿಸಬೇಕು, ಅದಕ್ಕಿಂತ ಮುಖ್ಯವಾಗಿ ಮುಂದಿನ ಎರಡೂ ಅಂಚು ಕೊರೆದು ಕಿರಿದಾಗಬೇಕು. ಸೀಟು ಅಗಲವಿದ್ದರೆ ತೊಡೆ ಹೊರಕ್ಕೆ ಹೋಗಿ ಕಾಲು ಓರೆಯಾಗುತ್ತದೆ, ಕಿರಿದಾದರೆ ನೇರ ಕೆಳಗೆ ಇಳಿಯುತ್ತದೆ. ಇಷ್ಟು ಸರಳ ವಿಷಯ ನನಗೆ ನಲವತ್ತು ವರ್ಷ ಹೊಳೆದಿರಲಿಲ್ಲ.

ಕೊನೆಗೆ ಫೋರ್ಕಿನ ಸರದಿ. ಇಂಜಿನ್ ಕೆಳಗೆ ಮರದ ತುಂಡಿಟ್ಟು ಜಾಕ್ ಕೊಟ್ಟು, ಒಂದೊಂದೇ ರಾಡನ್ನು ಇಳಿಸಿದರು. ಹಿಂದೆ ಎಷ್ಟು ತಗ್ಗಿತ್ತೋ ಅಷ್ಟೇ ಮುಂದೆ: 10 ಮಿ.ಮೀ. ಎಡ ಬಲ ಎರಡನ್ನೂ ಸ್ಟೀಲ್ ಸ್ಕೇಲಿನಲ್ಲಿ ಎರಡೆರಡು ಸಲ ಅಳೆದರು. ಒಂದು ಕೂದಲಷ್ಟು ವ್ಯತ್ಯಾಸ ಬಂದರೂ ಫೋರ್ಕು ತಿರುಚಿಕೊಂಡು ಕೂರುತ್ತದಂತೆ. ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲೇ ಬಿಗಿದು, ಹ್ಯಾಂಡಲನ್ನು ಎರಡೂ ತುದಿಗೆ ತಿರುಗಿಸಿ ಕೇಬಲ್ ಎಳೆಯುತ್ತದೆಯೇ ಅಂತ ನೋಡಿ, ಹೆಡ್‌ಲೈಟನ್ನು ಗೋಡೆಗೆ ಬಿಟ್ಟು ಸರಿಮಾಡಿದರು. ಸೈಡ್ ಸ್ಟ್ಯಾಂಡಿನ ಬುಡದಲ್ಲಿ ಒಂದಿಷ್ಟು ಕತ್ತರಿಸಿ ಬೆಸುಗೆ ಹಾಕಿದರು. ಒಂದು ರಾಡಿಗೆ ಪ್ಲಾಸ್ಟಿಕ್ ಟ್ಯಾಗ್ ಕಟ್ಟಿ, "ಫೋರ್ಕು ಎಷ್ಟು ಕೆಳಗೆ ಹೋಯ್ತು ಅಂತ ಇದು ಹೇಳುತ್ತೆ. ನಾಳೆ ಫೋನ್ ಮಾಡಿ" ಅಂದರು.

"ಹಂಪ್ ಬಂದ್ರೆ ಎದ್ದು ನಿಂತು ದಾಟಿಸಿ."

"ನಾನು?" ಅಂದಳು ಹೆಂಡತಿ.

"ನೀವು ಅವರ ಭುಜ ಹಿಡ್ಕೊಂಡು ಬೈಯಿರಿ ಅಮ್ಮ."

ಸಂಜೆ ಚಾಮುಂಡಿ ಬೆಟ್ಟ ಹತ್ತಿದೆವು. ನಂದಿಯವರೆಗೆ ಹೋಗಿ ಬರುವ ತಿರುವುಗಳಲ್ಲಿ ಗಾಡಿ ಹೇಳಿದಂತೆ ಕೇಳಿತು, ಇಳಿಯುವಾಗಲೂ ಮೂತಿ ಕುಕ್ಕಲಿಲ್ಲ. ಕೆಳಗೆ ಊರಿನ ದೀಪ ಹತ್ತಿಕೊಳ್ಳುತ್ತಿದ್ದವು. ಆ ರಾತ್ರಿ ಭಾವಮೈದನ ಮನೆಯಲ್ಲಿ ಇದೇ ಕಥೆಯನ್ನು ಮೂರು ಸಲ ಹೇಳಿದೆ.

ಭಾನುವಾರ ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ತಿರುಗಿದೆವು. ಹಳಬರು ಹಿರೋಡೆ ಅನ್ನುತ್ತಿದ್ದ, ಬ್ರಿಟಿಷರ ಕಾಗದಗಳಲ್ಲಿ ಫ್ರೆಂಚ್ ರಾಕ್ಸ್ ಆಗಿದ್ದ ಊರು. ಕುಂತಿಬೆಟ್ಟದ ಬಂಡೆಗಳು ಪಕ್ಕದಲ್ಲೇ ಬಂದು ಹಿಂದಾದವು. ನಾಲೆ, ಭತ್ತ, ಕಬ್ಬು, ಮತ್ತೆ ನಾಲೆ. ಎದುರು ಲಾರಿ ಬಂದಾಗ ಹ್ಯಾಂಡಲ್ ಸುಮ್ಮನಿತ್ತು. ಜಕ್ಕನಹಳ್ಳಿ ದಾಟಿದ ಮೇಲೆ ರಸ್ತೆ ಏರತೊಡಗುತ್ತದೆ, ಯೋಗನರಸಿಂಹನ ಗೋಪುರ ಕಾಣತೊಡಗುತ್ತದೆ.

ರಾಯಗೋಪುರದ ದಾರಿಯಲ್ಲಿ ಬೇಕೆಂದೇ ಅದೇ ಜಾಗದಲ್ಲಿ ನಿಲ್ಲಿಸಿದೆ. ಎಡಗಾಲಿನ ಮುಂಪಾದ ಪೂರ್ತಿ ಕೂತಿತು, ಹಿಮ್ಮಡಿ ಇನ್ನೂ ಗಾಳಿಯಲ್ಲೇ. ಇಬ್ಬರಲ್ಲಿ ಯಾರೂ ಮಾತಾಡಲಿಲ್ಲ. ಇಳಿದು ಟ್ಯಾಗ್ ನೋಡಿದೆ, ಎರಡು ಬೆರಳು ಜಾಗ ಉಳಿದಿತ್ತು. ಅಲ್ಲಿಂದಲೇ ಚಾಚಾಗೆ ಫೋನ್ ಮಾಡಿದೆ.

"ಎರಡು ಬೆರಳಾ? ಸಾಕು. ಇನ್ನು ಮುಟ್ಟಬೇಡಿ. ಸ್ಟ್ಯಾಂಡಿನ ಬೆಸುಗೆ?"

"ಗಟ್ಟಿಯಾಗಿದೆ ಚಾಚಾ."

"ಪುಳಿಯೋಗರೆ ತರ್ತೀರಾ?"

ಕಲ್ಯಾಣಿಯ ಕಡೆ ಇಳಿದು ಹೋಗುವಷ್ಟರಲ್ಲಿ ಅಂಗಡಿಯಲ್ಲಿ ಪುಳಿಯೋಗರೆ ಮುಗಿದಿತ್ತು. ಗೊಜ್ಜಿನ ಎರಡು ಪೊಟ್ಟಣ ಸಿಕ್ಕಿತು. ಒಂದನ್ನು ಚಾಚಾಗೆಂದು ಬ್ಯಾಗಿನಲ್ಲಿಟ್ಟೆ, ಹೆಂಡತಿ ಅದರ ತೂಕವನ್ನೂ ಸ್ಪ್ರಿಂಗಿಗೆ ಲೆಕ್ಕ ಹಾಕಬೇಕೇ ಅಂತ ಕೇಳಿದಳು.