ಅಮೃತಾ ಚಿತ್ರಗಳಲ್ಲಿ ಹೆಂಗಸರು ಯಾಕೆ ನಗುವುದಿಲ್ಲ?

ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಬರೆದ ಚಿತ್ರಗಳನ್ನು ಯಾರಿಗೆ ತೋರಿಸಿದರೂ ಮೊದಲು ಕೇಳುವುದು ಇದೇ: "ಇವರೆಲ್ಲ ಯಾಕೆ ಇಷ್ಟು ಸಪ್ಪಗಿದ್ದಾರೆ?" ಅದರ ಹಿಂದೆಯೇ, "ಪಾಪ, ಆಕೆಗೆ ಏನು ದುಃಖ ಇತ್ತೋ!"

ಈ ಎರಡನೇ ಮಾತನ್ನು ನಾನು ಒಪ್ಪುವುದಿಲ್ಲ. 1941ರ ಡಿಸೆಂಬರ್‌ನಲ್ಲಿ, ಲಾಹೋರಿನಲ್ಲಿ, ಬರೀ 28 ವರ್ಷಕ್ಕೆ ಆಕೆ ತೀರಿಕೊಂಡಳು ನಿಜ. ಆ ಸಾವನ್ನು ತಲೆಯಲ್ಲಿಟ್ಟುಕೊಂಡು ನೋಡಿದರೆ ಎಲ್ಲ ಚಿತ್ರದಲ್ಲೂ ದುಃಖವೇ ಕಾಣುತ್ತದೆ. ಆದರೆ ಪ್ಯಾರಿಸ್‌ನಲ್ಲಿ ಓದುವಾಗ ಬರೆದುಕೊಂಡ ತನ್ನದೇ ಚಿತ್ರಗಳಲ್ಲಿ ಬಾಯ್ತುಂಬ ನಗುವ ಅಮೃತಾ ಸಿಗುತ್ತಾಳೆ. ನಗು ಬರೆಯಲು ಆಕೆಗೆ ಚೆನ್ನಾಗಿಯೇ ಬರುತ್ತಿತ್ತು.

ಹುಟ್ಟಿದ್ದು ಬುಡಾಪೆಸ್ಟ್‌ನಲ್ಲಿ, 1913ರಲ್ಲಿ. ತಂದೆ ಪಂಜಾಬಿನ ಸಿಖ್, ತಾಯಿ ಹಂಗೇರಿಯವರು. 1934ರ ಕೊನೆಗೆ ಪ್ಯಾರಿಸ್ ಬಿಟ್ಟು ಭಾರತಕ್ಕೆ ಬಂದಳು. ಇಲ್ಲಿನ ಬಡವರ ಮೌನವನ್ನು, ಅವರ ಕೊನೆಯಿಲ್ಲದ ತಾಳ್ಮೆಯನ್ನು ಚಿತ್ರದಲ್ಲಿ ಹಿಡಿಯಬೇಕು ಅಂತ ಆಕೆಯೇ ಹೇಳಿಕೊಂಡಿದ್ದಾಳೆ.

1935ರ ‘ಮೂವರು ಹುಡುಗಿಯರು’ ನೋಡಿ. ದೆಹಲಿಯ ನ್ಯಾಷನಲ್ ಗ್ಯಾಲರಿ ಆಫ್ ಮಾಡರ್ನ್ ಆರ್ಟ್‌ನ ಸಂಗ್ರಹದಲ್ಲಿದೆ. ಮೂವರೂ ಒತ್ತೊತ್ತಾಗಿ ಕೂತಿದ್ದಾರೆ. ಆದರೂ ಒಬ್ಬಳು ಇನ್ನೊಬ್ಬಳ ಮುಖ ನೋಡುತ್ತಿಲ್ಲ. ನಮ್ಮ ಕಡೆಯಂತೂ ಕಣ್ಣೆತ್ತುವುದೇ ಇಲ್ಲ. ಹಿಂದೆ ಬರೀ ಗೋಡೆಯಂಥ ಬಣ್ಣ. ಕಿಟಕಿಯಿಲ್ಲ, ಮರವಿಲ್ಲ, ಒಂದು ಸಾಮಾನೂ ಇಲ್ಲ. ನಮ್ಮ ಕಣ್ಣಿಗೆ ಆ ಮುಖಗಳನ್ನು ಬಿಟ್ಟು ಹೋಗಲು ಬೇರೆ ಜಾಗವೇ ಇಲ್ಲ. ನಡುಮನೆಯಲ್ಲಿ ಮದುವೆ ಮಾತುಕತೆ ನಡೆಯುವಾಗ ಒಳಕೋಣೆಯಲ್ಲಿ ಕೂತ ಹುಡುಗಿಯರನ್ನು ನೋಡಿದ್ದೀರಾ? ನನಗೆ ಇಲ್ಲಿ ಕಾಣುವುದು ಅದೇ ಮೌನ. ತಮ್ಮ ಬದುಕನ್ನು ಬೇರೆಯವರು ತೀರ್ಮಾನಿಸುವ ತನಕ ಸುಮ್ನೆ ಕಾಯುವ ಮೌನ. ಅದನ್ನು ‘ಸಪ್ಪಗೆ’ ಅಂದುಬಿಟ್ಟರೆ ಆ ಹುಡುಗಿಯರಿಗೆ ಮೋಸ ಮಾಡಿದ ಹಾಗೆ.

ನನಗೆ ಇದಕ್ಕಿಂತ ಜಾಸ್ತಿ ಇಷ್ಟ ‘ಮದುಮಗಳ ಅಲಂಕಾರ’. ಅಜಂತಾ ನೋಡಿ, ಕೊಚ್ಚಿ, ಕನ್ಯಾಕುಮಾರಿಯೆಲ್ಲ ಸುತ್ತಿ ಬಂದ ಮೇಲೆ 1937ರಲ್ಲಿ ಬರೆದದ್ದು. ಅಜಂತಾ ಗೋಡೆಗಳ ಕಂದು, ಕೆಂಪು ಬಣ್ಣಗಳು ಇಲ್ಲಿಗೂ ಇಳಿದಿವೆ. ಸುತ್ತ ಹೆಂಗಸರಿದ್ದಾರೆ, ಮಕ್ಕಳಿದ್ದಾರೆ. ಮದುಮಗಳ ತಲೆ ಬಾಚುತ್ತಿದ್ದಾರೆ. ಅವಳ ಮುಖದಲ್ಲಿ ಮಾತ್ರ ಸಂಭ್ರಮದ ಸುಳಿವಿಲ್ಲ.

ನಮ್ಮ ಮದುವೆ ಮನೆಗಳಲ್ಲಿ ಫೋಟೋ ತೆಗೆಯುವವರಿಂದ ಹಿಡಿದು ಅತ್ತೆ, ಚಿಕ್ಕಮ್ಮಂದಿರವರೆಗೆ ಎಲ್ಲರೂ ಮದುಮಗಳಿಗೆ "ಸ್ವಲ್ಪ ನಗಮ್ಮ" ಅನ್ನುತ್ತಾರೆ, ಅಲ್ವಾ? ಅಮೃತಾ ಹಾಗೆ ಕೇಳಲಿಲ್ಲ. ಅವಳನ್ನು ಅವಳ ಪಾಡಿಗೆ ಕೂರಲು ಬಿಟ್ಟು, ಬರೆದಳು.