ಎಲ್ಲವನ್ನೂ ನುಂಗುವ ಬ್ಲ್ಯಾಕ್ ಹೋಲ್ ಗಾಳಿ ಊದುವುದು ಹೇಗೆ?

ಕ್ವೇಸಾರ್, ಅಂದರೆ ಗೆಲಾಕ್ಸಿಯ ನಡುವಿನ ಭಾರೀ ಬ್ಲ್ಯಾಕ್ ಹೋಲ್ ಸುತ್ತ ಕಾಣುವ ಪ್ರಖರ ಹೊಳಪು, ಅದರ ಬಗ್ಗೆ ಮಾತು ತೆಗೆದಾಗೆಲ್ಲ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ: "ಬ್ಲ್ಯಾಕ್ ಹೋಲ್‌ನಿಂದ ಬೆಳಕೂ ಆಚೆ ಬರಲ್ಲ ಅಂತೀರಿ. ಆಮೇಲೆ ಅಲ್ಲಿಂದ ಅನಿಲ ಬಿರುಗಾಳಿ ಥರ ಹೊರಗೆ ನುಗ್ಗುತ್ತೆ ಅಂತಾನೂ ಅಂತೀರಿ. ಎರಡರಲ್ಲಿ ಯಾವುದು ಸುಳ್ಳು?"

ಎರಡೂ ನಿಜ. ಅನಿಲ ಹೊರಡುವುದು ಒಳಗಿನಿಂದ ಅಲ್ಲ, ಬಾಗಿಲಿನಿಂದ. ಸಂಜೆ ಹೊತ್ತು ಬಸ್ ಹತ್ತಿದ್ದೀರಲ್ವಾ? ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ನಾಲ್ಕು ಜನ ಒಳಗೆ ಸೇರುತ್ತಾರೆ, ಮಿಕ್ಕವರು ತಳ್ಳಾಟಕ್ಕೆ ಸಿಕ್ಕಿ ಹಿಂದಕ್ಕೆ ಬೀಳುತ್ತಾರೆ. ಬ್ಲ್ಯಾಕ್ ಹೋಲ್ ಸುತ್ತಲೂ ಅನಿಲ ಹೀಗೇ ಮುತ್ತಿಕೊಂಡು, ತಟ್ಟೆಯಂತೆ ಸುತ್ತುತ್ತಾ, ಉಜ್ಜಿ ಉಜ್ಜಿ ಕಾದು ಹೊಳೆಯುತ್ತದೆ. ಕ್ವೇಸಾರ್ ಅಂತ ನಮಗೆ ಕಾಣುವುದು ಈ ಹೊಳಪೇ. ಆ ಬೆಳಕೇ ಅನಿಲವನ್ನು ಹೊರಗೆ ತಳ್ಳುತ್ತದೆ, ಕಾಂತಕ್ಷೇತ್ರವೂ ಕೈ ಜೋಡಿಸುತ್ತದೆ. ಬೆಳಕು ತಳ್ಳುತ್ತದಾ ಅಂತ ನಗಬೇಡಿ. ಧೂಮಕೇತುವಿನ ಧೂಳಿನ ಬಾಲವನ್ನು ಹಿಂದಕ್ಕೆ ತಳ್ಳುವುದೂ ಸೂರ್ಯನ ಬೆಳಕೇ.

ಇಷ್ಟು ದೂರದ ಗಾಳಿ ನಮಗೆ ಗೊತ್ತಾಗುವುದು ಒಂದು ಹಳ್ಳದಿಂದ. ಕ್ವೇಸಾರ್‌ನ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ಗ್ರಾಫ್ ಹಾಕಿದರೆ, ಕಾರ್ಬನ್ ಹೊಮ್ಮಿಸುವ ಬೆಳಕಿನ ಜಾಗದಲ್ಲಿ ಒಂದು ಗುಡ್ಡ ಕಾಣುತ್ತದೆ. ಕೆಲವು ಕ್ವೇಸಾರ್‌ಗಳಲ್ಲಿ ಗುಡ್ಡದ ಎಡಕ್ಕೆ, ಅಂದರೆ ನೀಲಿಯ ಕಡೆಗೆ, ಅಗಲವಾದ ಹಳ್ಳವೂ ಇರುತ್ತದೆ. ನಡುವೆ ಇರುವ ಅನಿಲ ಬೆಳಕನ್ನು ಹೀರಿಕೊಂಡಿದೆ, ಮತ್ತು ಅದು ಕ್ವೇಸಾರ್ ಬಿಟ್ಟು ನಮ್ಮ ಕಡೆಗೆ ಓಡಿ ಬರುತ್ತಿದೆ ಅಂತ ಅರ್ಥ. ಹಳ್ಳ ಎಷ್ಟು ಎಡಕ್ಕೋ ವೇಗ ಅಷ್ಟು ಜಾಸ್ತಿ.

"ಸರಿ, ಅದರಿಂದ ಗೆಲಾಕ್ಸಿಗೇನು?" ಅನ್ನುವುದು ಮುಂದಿನ ಪ್ರಶ್ನೆ. ನಕ್ಷತ್ರ ಹುಟ್ಟುವುದಕ್ಕೆ ತಣ್ಣನೆಯ ಅನಿಲ ಬೇಕು, ಈ ಗಾಳಿ ಅದನ್ನೇ ಹೊರಗೆ ಹೊತ್ತೊಯ್ಯಬಹುದು. ಸುಮಾರು 60 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಮಾರ್ಕೇರಿಯನ್ 231 ಅನ್ನುವ ಗೆಲಾಕ್ಸಿ ಇದೆ. ಅದರ ನಡುವೆ ಇರುವುದು ನಮಗೆ ತೀರಾ ಹತ್ತಿರದ ಕ್ವೇಸಾರ್‌ಗಳಲ್ಲಿ ಒಂದು. ಅಲ್ಲಿ ವರ್ಷಕ್ಕೆ ಸುಮಾರು 200 ಸೂರ್ಯರಷ್ಟು ಅನಿಲ ನಕ್ಷತ್ರವಾಗುತ್ತದೆ. ಹೊರಗೆ ಹರಿದು ಹೋಗುವುದು ಸುಮಾರು 700 ಸೂರ್ಯರಷ್ಟು! ಇದು ಬೆಳಕಿಗೆ ಬಂದದ್ದು 2010ರಲ್ಲಿ. ಖರ್ಚು ಹೀಗೇ ನಡೆದರೆ ಸುಮಾರು 1 ಕೋಟಿ ವರ್ಷದಲ್ಲಿ ಉಗ್ರಾಣ ಖಾಲಿ. ಗೆಲಾಕ್ಸಿಯ ಲೆಕ್ಕದಲ್ಲಿ ಅದು ಕಣ್ಣು ಮಿಟುಕಿಸುವಷ್ಟು ಹೊತ್ತು. ಆಮೇಲೆ ಹೊಸ ನಕ್ಷತ್ರ ಹುಟ್ಟದೆ, ಹಳೆಯ ಕೆಂಪು ನಕ್ಷತ್ರಗಳಷ್ಟೇ ಉಳಿಯುತ್ತವೆ.

ನನಗಂತೂ ಇಲ್ಲೊಂದು ಅನುಮಾನ ಇದ್ದೇ ಇದೆ. ಹೋದ ಅನಿಲವೆಲ್ಲ ಹೋಗೇಬಿಡುತ್ತದಾ? ಒಂದಷ್ಟು ವಾಪಸ್ ಬೀಳಲೂಬಹುದು. ಸರ್ಪ ನಕ್ಷತ್ರಪುಂಜದ ಪಿಡಿಎಸ್ 456 ಕ್ವೇಸಾರ್‌ನಲ್ಲಿ ಗಾಳಿ ಬೆಳಕಿನ ವೇಗದ 20ರಿಂದ 30 ಶೇಕಡಾದಲ್ಲಿ ಬೀಸುತ್ತದೆ. ಅದು ಒಂದೇ ಸಮನೆ ಬೀಸುತ್ತದೆ ಅಂದುಕೊಂಡಿದ್ದರು. 2023ರಲ್ಲಿ ಹಾರಿದ ಜಪಾನಿನ ಕ್ರಿಸ್ಮ್ ದೂರದರ್ಶಕ ನೋಡಿದರೆ, ಗಾಳಿ ಗುಂಡು ಹೊಡೆದ ಹಾಗೆ ಉಂಡೆ ಉಂಡೆಯಾಗಿ ಬರುತ್ತಿತ್ತು. ಕನಿಷ್ಠ ಐದು ಉಂಡೆ, ಒಂದೊಂದರ ವೇಗವೂ ಬೇರೆ. ಉಂಡೆಗಳಾದರೆ ಗೆಲಾಕ್ಸಿಯ ಅನಿಲವನ್ನು ಗುಡಿಸಿಕೊಂಡು ಹೋಗುವ ಬದಲು ಸಂದಿಗಳಲ್ಲಿ ನುಸುಳಿ ಆಚೆ ಹೋಗಿಬಿಡಬಹುದು ಅಲ್ವಾ?