ಡಬ್ಬಿ ಇತ್ತು, ಅಕ್ಕಿ ಇರಲಿಲ್ಲ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ನಮ್ಮ ಮನೆಯ ಕಪಾಟಿನಲ್ಲಿ ಒಂದು ದಪ್ಪ ಫೈಲ್ ಇದೆ. ಮಗಳು ಹುಟ್ಟಿದ ವರ್ಷ ವಕೀಲರ ಹತ್ತಿರ ಮಾಡಿಸಿದ ಲಿವಿಂಗ್ ಟ್ರಸ್ಟ್. ಆಗ ಅಪ್ಪನಿಗೆ ಫೋನಿನಲ್ಲಿ ಹೇಳಿದ್ದಕ್ಕೆ, "ಟ್ರಸ್ಟಾ? ಮಠ ಕಟ್ತಿದೀಯೋ, ಕಾಲೇಜು ಕಟ್ತಿದೀಯೋ?" ಎಂದು ನಕ್ಕಿದ್ದರು. ನಮ್ಮ ಕಡೆ ಟ್ರಸ್ಟ್ ಅಂದರೆ ಅದೇ ಅಲ್ವಾ.

ಇಲ್ಲಿ ಮನೆಮಂದಿಯೂ ಟ್ರಸ್ಟ್ ಮಾಡಿಕೊಳ್ಳುತ್ತಾರೆ. ಆಸ್ತಿ ಇಡುವವರು ನಾವೇ, ಟ್ರಸ್ಟಿಗಳೂ ನಾವೇ, ಬದುಕಿರುವ ತನಕ ಅನುಭವಿಸುವವರೂ ನಾವೇ. ಬೇಡ ಅನ್ನಿಸಿದರೆ ನಾಳೆಯೇ ರದ್ದು ಮಾಡಬಹುದು. ನಾವಿಬ್ಬರೂ ಹೋದ ಮೇಲೆ, ನಾವು ಮೊದಲೇ ಹೆಸರು ಬರೆದಿಟ್ಟವರು ಬಂದು ಎಲ್ಲವನ್ನೂ ಮಗಳಿಗೆ ದಾಟಿಸುತ್ತಾರೆ. ಕೋರ್ಟ್ ಮೆಟ್ಟಿಲು ಹತ್ತುವ ಕೆಲಸವಿಲ್ಲ.

ಕೋರ್ಟ್ ಅಂದರೆ ಯಾಕಿಷ್ಟು ಹೆದರಿಕೆ? ಕ್ಯಾಲಿಫೋರ್ನಿಯಾದಲ್ಲಿ ಬರೀ ವಿಲ್ ಬರೆದಿಟ್ಟರೆ ನಮ್ಮಂಥ ಮನೆ ಪ್ರೊಬೇಟ್ ಕೋರ್ಟಿಗೆ, ಅಂದರೆ ವಿಲ್ ಪರಿಶೀಲಿಸಿ ಆಸ್ತಿ ಹಂಚಿಸುವ ಕೋರ್ಟಿಗೆ, ಹೋಗುತ್ತದೆ. ಒಂದು ವರ್ಷ, ಎಷ್ಟೋ ಸಲ ಅದಕ್ಕಿಂತ ಜಾಸ್ತಿ. ವಕೀಲರ ಫೀಸು ಎಷ್ಟಿರಬಹುದು ಅಂತ ಕಾನೂನಿನಲ್ಲೇ ಬರೆದಿದೆ. ಮೊದಲ 1 ಲಕ್ಷ ಡಾಲರಿಗೆ ಶೇ. 4, ಮುಂದಿನ 1 ಲಕ್ಷಕ್ಕೆ ಶೇ. 3, ಆಮೇಲಿನ 8 ಲಕ್ಷಕ್ಕೆ ಶೇ. 2. ಅಲ್ಲಿಗೆ 10 ಲಕ್ಷ ಡಾಲರಿನ ಮನೆಗೆ 23,000. ವಿಲ್ ಜಾರಿ ಮಾಡುವವರೂ ಅಷ್ಟೇ ತಗೊಳ್ಳಬಹುದು. ಒಟ್ಟು 46,000 ಡಾಲರ್! ಹೊಟ್ಟೆ ಉರಿಯುವುದು ಇಲ್ಲಿ: ಲೆಕ್ಕ ಹಾಕುವುದು ಮನೆಯ ಪೂರ್ತಿ ಬೆಲೆಯ ಮೇಲೆ. ಅದರಲ್ಲಿ 7 ಲಕ್ಷ ಸಾಲ ಬಾಕಿ ಇದ್ದರೂ ಕಳೆಯುವುದಿಲ್ಲ.

ಟ್ರಸ್ಟ್ ಮಾಡಿಸಿದರೆ ಟ್ಯಾಕ್ಸ್ ಉಳಿಯುತ್ತೆ, ಸಾಲ ಕೊಟ್ಟವರು ಮುಟ್ಟೋಕಾಗಲ್ಲ ಅಂತ ಪಾರ್ಟಿಗಳಲ್ಲಿ ಹೇಳುವವರಿದ್ದಾರೆ. ಯಾವಾಗ ಬೇಕಾದರೂ ರದ್ದು ಮಾಡಬಹುದಾದ ಈ ಟ್ರಸ್ಟಿನಿಂದ ಎರಡೂ ಆಗುವುದಿಲ್ಲ.

ನಾವು ಎಡವಿದ್ದು ಬೇರೆ ಕಡೆ. ಫೈಲ್ ಮಾಡಿಸಿದರೆ ಸಾಲದು, ಮನೆಯ ಡೀಡ್, ಅಂದರೆ ಹಕ್ಕುಪತ್ರ, ಟ್ರಸ್ಟಿನ ಹೆಸರಿಗೆ ನೋಂದಣಿ ಆಗಬೇಕು. ಡಬ್ಬಿ ತಂದಿಟ್ಟರೆ ಅಕ್ಕಿ ತಾನಾಗಿ ಬಂದು ತುಂಬುತ್ತದಾ? ಅದನ್ನೇನೋ ಆಗಲೇ ಮಾಡಿದ್ದೆವು. ಆದರೆ 2021ರಲ್ಲಿ ಬಡ್ಡಿ ಇಳಿದಿತ್ತು ಅಂತ ಮನೆ ಸಾಲವನ್ನು ರೀಫೈನಾನ್ಸ್ ಮಾಡಿಸಿದೆವು, ಅಂದರೆ ಹೊಸ ಸಾಲ ತೆಗೆದು ಹಳೆಯದನ್ನು ತೀರಿಸಿದೆವು. ಸಾಲ ಕೊಡುವವರು, ಮನೆಯನ್ನು ಸದ್ಯಕ್ಕೆ ಟ್ರಸ್ಟಿನಿಂದ ತೆಗೆದು ನಿಮ್ಮಿಬ್ಬರ ಹೆಸರಿಗೆ ಮಾಡಿ, ಆಮೇಲೆ ವಾಪಸ್ ಹಾಕೋಣ ಎಂದರು. ಕಾಗದದ ರಾಶಿಯಲ್ಲಿ ಸುಮ್ನೆ ಸಹಿ ಹಾಕುತ್ತಾ ಹೋದೆವು. ಅವರು ವಾಪಸ್ ಹಾಕಲಿಲ್ಲ, ನಾವೂ ಕೇಳಲಿಲ್ಲ. ಮೂರು ವರ್ಷ ಫೈಲ್ ಕಪಾಟಿನಲ್ಲಿ, ಮನೆ ಅದರ ಹೊರಗೆ. ಗೆಳೆಯನೊಬ್ಬ ತನ್ನ ಟ್ರಸ್ಟಿಗೆ ನಮ್ಮ ಡೀಡಿನ ಮಾದರಿ ಕೇಳಿದಾಗ ತೆಗೆದು ನೋಡಿ ಎದೆ ಧಸಕ್ಕೆಂದಿತು. ಆ ಮೂರು ವರ್ಷದಲ್ಲಿ ಎಷ್ಟು ಸಲ ಮೂವರೂ ಒಂದೇ ಕಾರಿನಲ್ಲಿ ಟಾಹೋ ಸರೋವರಕ್ಕೆ ಹೋಗಿ ಬಂದಿದ್ದೆವೋ!

ಸರಿಪಡಿಸಿದ್ದು ಸುಲಭ. ಹೊಸ ಡೀಡ್, ನೋಟರಿ ಮುಂದೆ ಸಹಿ, ಓಕ್ಲೆಂಡ್‌ನ ಕೌಂಟಿ ರೆಕಾರ್ಡರ್ ಕಚೇರಿಯಲ್ಲಿ ನೋಂದಣಿ. ನಮ್ಮದೇ ಟ್ರಸ್ಟಿಗೆ ಹಾಕಿದ್ದಕ್ಕೆ ಆಸ್ತಿ ತೆರಿಗೆ ಏರುವುದಿಲ್ಲ. ನಾವು ವಾಸ ಮಾಡುವ ಮನೆಯಾದ್ದರಿಂದ, ಇದೇ ನೆಪದಲ್ಲಿ ಬ್ಯಾಂಕು ಪೂರ್ತಿ ಸಾಲ ಈಗಲೇ ತೀರಿಸಿ ಅನ್ನುವ ಹಾಗೂ ಇಲ್ಲ. ಅದಕ್ಕೆ 1982ರ ಕೇಂದ್ರ ಕಾನೂನು ಅಡ್ಡ ನಿಂತಿದೆ.

ವಕೀಲರ ಹತ್ತಿರ ಹೋಗಿದ್ದೇ ಹೋದೆವು, ಇನ್ನೊಂದು ವಿಷಯ ಕೇಳಿದೆ. ನಮ್ಮ ನಂತರ ಮೈಸೂರಿನ ತಮ್ಮ ಟ್ರಸ್ಟಿ ಆಗಬಹುದಾ? ವಕೀಲರು ಬೇಡವೇ ಬೇಡ ಎಂದರು. ಅಮೆರಿಕದ ತೆರಿಗೆ ಲೆಕ್ಕದಲ್ಲಿ ಇಲ್ಲಿಯವರಲ್ಲದವರ ಕೈಗೆ ತೀರ್ಮಾನ ಹೋದರೆ ಅದು ವಿದೇಶಿ ಟ್ರಸ್ಟ್ ಆಗಿಬಿಡುತ್ತದೆ. ಹಾಗಾಗಿ ಸ್ಯಾನ್ ಹೋಸೆಯ ಗೆಳತಿಯೊಬ್ಬರನ್ನು ಒಪ್ಪಿಸಿದೆವು. ಮಗಳನ್ನು ಸಾಕುವವನು ಮಾತ್ರ ತಮ್ಮನೇ. ಅದನ್ನು ಟ್ರಸ್ಟಿನಲ್ಲಲ್ಲ, ಜೊತೆಗಿರುವ ವಿಲ್‌ನಲ್ಲಿ ಬರೆದಿದ್ದೇವೆ.

ಹೋದ ಭಾನುವಾರ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಊರಿನ ತೋಟದಲ್ಲಿ ನನಗೆ ಪಾಲು ಬಂದರೆ ಈ ಟ್ರಸ್ಟ್ ಸಾಲದು, ಅದಕ್ಕೆ ಅಲ್ಲೇ ಬೇರೆ ವಿಲ್ ಬರೆಸು ಅಂದಿದ್ದಾರೆ ವಕೀಲರು ಎಂದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಪಹಣಿಯಲ್ಲಿ ಇನ್ನೂ ನಿಮ್ಮ ತಾತನ ಹೆಸರೇ ಇದೆ ಕಣೋ. ಪೌತಿ ಖಾತೆಗೆ ಅರ್ಜೀನೇ ಕೊಟ್ಟಿಲ್ಲ."